ಸೂಜಿ ಬೇಡ ಎಂದವಳು ನಾನು

ಕೆಳದವಡೆಯ ಬಲಗಡೆ, ಹಿಂದಿನಿಂದ ಎರಡನೆಯ ಹಲ್ಲು. ಬೆರಳಿಟ್ಟರೆ ಅಲ್ಲಾಡುತ್ತಿತ್ತು. ಒಸಡಿನ ಅಂಚು ಒತ್ತಿದರೆ ಕೀವು ಬಂತು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಜೋಗೇಶ್ವರಿಯ ನನ್ನ ಕ್ಲಿನಿಕ್ಕಿನಲ್ಲಿ ಅಂದಿನ ಹದಿನಾಲ್ಕನೆಯ ಪೇಷಂಟ್ ಆಕೆ. ನನ್ನ ಊಟದ ಡಬ್ಬಿ ಇನ್ನೂ ಬಿಚ್ಚಿರಲಿಲ್ಲ.

"ತಗದ ಒಗೀರಿ ಡಾಕ್ಟರಬಾಯಿ. ಎಂಟ ದಿನ ಆತು, ಅನ್ನ ಸೈತ ನುಂಗಾಕ ಆಗವಲ್ದು" ಎಂದರು.

ಆಕೆಗೆ ಅರವತ್ತಾರು ವರ್ಷ. ಬಾಗಲಕೋಟೆ ಕಡೆಯವರು. ನಮ್ಮ ಗಲ್ಲಿಯ ಹಿಂದಿನ ಚಾಳಿನಲ್ಲಿ, ಕೆಳಗಿನ ಖೋಲಿಯಲ್ಲಿ ಕೂತು ಎಷ್ಟೋ ವರ್ಷಗಳಿಂದ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದರು. ಕಟ್ಟಡದ ಕೆಲಸಕ್ಕೂ ಸಣ್ಣ ವರ್ಕ್‌ಶಾಪುಗಳಿಗೂ ಬಂದ ಉತ್ತರ ಕರ್ನಾಟಕದ ಹುಡುಗರು ಸಂಜೆ ಅವರ ಬಾಗಿಲಲ್ಲಿ ಸಾಲು ನಿಲ್ಲುವುದನ್ನು ನಾನು ಸ್ಟೇಷನ್ನಿಗೆ ಹೋಗುವಾಗ ನೋಡುತ್ತಿದ್ದೆ. ನನ್ನದು ದಾದರಿನಲ್ಲಿ ಹುಟ್ಟಿ ಬೆಳೆದು ಅರ್ಧ ಮರಾಠಿಯಾದ ಮೈಸೂರು ಕನ್ನಡ. ಆದರೂ ಕನ್ನಡದಲ್ಲಿ ಹಲ್ಲು ನೋವು ಹೇಳಿಕೊಳ್ಳಬಹುದು ಎಂಬ ಒಂದೇ ಕಾರಣಕ್ಕೆ ಆ ಚಾಳಿನವರು ನನ್ನಲ್ಲಿಗೆ ಬರುತ್ತಿದ್ದರು.

ಬಿಪಿ, ಶುಗರ್, ಬೇರೆ ಔಷಧಿ ಏನಾದರೂ ಉಂಟೇ ಎಂದು ಕೇಳಿದೆ. ಕೇಳುವುದು ಅಭ್ಯಾಸ. ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವುದು ಎಲ್ಲ ದಿನವೂ ಆಗುವುದಿಲ್ಲ.

"ಶುಗರ್ ಇಲ್ರಿ. ಎಲುಬಿಗೆ ಸೂಜಿ ಮಾಡಸ್ಕೋತೀನಿ. ಆರ ತಿಂಗಳಿಗೊಮ್ಮಿ, ಹೊಟ್ಟಿಗೆ."

ಎರಡು ವರ್ಷದ ಹಿಂದೆ ನಲ್ಲಿಯ ಹತ್ತಿರ ಜಾರಿ ಬಿದ್ದು ಅವರ ಮಣಿಕಟ್ಟು ಮುರಿದಿತ್ತಂತೆ. ನಿಂತಲ್ಲಿಂದ ಬಿದ್ದಷ್ಟಕ್ಕೇ ಮೂಳೆ ಮುರಿದರೆ ಅದು ಬರೀ ಜಾರುವಿಕೆಯಲ್ಲ ಎಂದು ಸಾಂತಾಕ್ರೂಜ್‌ನ ಮೂಳೆ ಡಾಕ್ಟರು ಸಾಂದ್ರತೆಯ ಸ್ಕ್ಯಾನ್ ಮಾಡಿಸಿ, ಆಸ್ಟಿಯೊಪೊರೋಸಿಸ್ ಎಂದು ಹೇಳಿ ಈ ಇಂಜೆಕ್ಷನ್ ಶುರು ಮಾಡಿದ್ದರು. ಅವರು ತಂದ ಫೈಲಿನಲ್ಲಿ ಹೆಸರಿತ್ತು, ಡೆನೊಸುಮ್ಯಾಬ್. ಮೂರು ಆಗಿತ್ತು. ಕೊನೆಯದು ಡಿಸೆಂಬರಿನಲ್ಲಿ, ಮುಂದಿನದು ಜೂನ್‌ಗೆ.

ಆ ಹೆಸರು ಓದಿ ನಾನು ಕೈಯಲ್ಲಿದ್ದ ಸಿರಿಂಜ್ ಕೆಳಗಿಟ್ಟೆ.

ನಾನು ಹಾಗೆ ಹೆದರಿದ್ದಕ್ಕೆ ಕಾರಣವಿತ್ತು. ಓದುವ ಕಾಲಕ್ಕೆ ಆಸ್ಪತ್ರೆಯಲ್ಲಿ ಒಬ್ಬ ಕ್ಯಾನ್ಸರ್ ರೋಗಿಯನ್ನು ನೋಡಿದ್ದೆ. ಮೂಳೆಗೆ ಹರಡಿದ ಕಾಯಿಲೆಗೆಂದು ಇದೇ ಜಾತಿಯ ಔಷಧಿಯನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಕೊಟ್ಟಿದ್ದರು. ಯಾರೋ ಒಂದು ಹಲ್ಲು ಕಿತ್ತಿದ್ದರು. ಆ ಗಾಯ ಮಾಗಲೇ ಇಲ್ಲ. ಒಸಡು ಹಿಂದೆ ಸರಿದು ದವಡೆಯ ಮೂಳೆ ಬಾಯೊಳಗೆ ಹಳದಿಯಾಗಿ ತೆರೆದುಕೊಂಡಿತ್ತು. ನಾವು ವಾರಕ್ಕೆರಡು ಸಲ ತೊಳೆದು ಕಳಿಸುತ್ತಿದ್ದೆವು. ಆ ವಾಸನೆಯನ್ನು ಮರೆಯುವುದು ಕಷ್ಟ. ರೊಟ್ಟಿಯ ಅಮ್ಮನಿಗೆ ಕೊಡುತ್ತಿದ್ದ ಪ್ರಮಾಣ ತೀರ ಚಿಕ್ಕದು, ದವಡೆ ಕೊಳೆಯುವ ಅಪಾಯವೂ ಅಷ್ಟೇ ಚಿಕ್ಕದು. ಅದು ನನಗೆ ಓದಿ ಗೊತ್ತಿತ್ತು. ಆದರೆ ಭಯ ಹುಟ್ಟಿದ್ದು ಓದಿದ್ದರಿಂದಲ್ಲ, ಕಣ್ಣಾರೆ ಕಂಡದ್ದರಿಂದ.

"ಈ ಸೂಜಿ ಮೈಯಲ್ಲಿರುವಾಗ ಹಲ್ಲು ಕಿತ್ತರೆ ದವಡೆ ಕೊಳೆಯುವ ಸಾಧ್ಯತೆ ಇದೆ ಅಮ್ಮ. ಸದ್ಯಕ್ಕೆ ಕೀವಿಗೆ ಮಾತ್ರೆ ಕೊಡ್ತೀನಿ. ಜೂನ್‌ದು ತೊಗೋಬೇಡಿ. ಅದರ ಜೋರು ಇಳಿದ ಮೇಲೆ ಕೀಳೋಣ. ನಾನು ಹೇಳೋವರೆಗೂ ಸೂಜಿ ಬೇಡ" ಎಂದೆ.

ಸೊಸೆ ಜೊತೆಗಿದ್ದಳು. ಅವಳು ಹುಟ್ಟಿದ್ದು, ಶಾಲೆ ಕಲಿತದ್ದು ಎಲ್ಲ ಇಲ್ಲೇ. ಸಾಂತಾಕ್ರೂಜ್‌ನ ಹೋಟೆಲೊಂದರಲ್ಲಿ ರೂಮುಗಳ ಮೇಲ್ವಿಚಾರಣೆ ಅವಳ ಕೆಲಸ. "ದವಡಿ ಸಡ್ ಜಾತಾ ಹೈ ಕ್ಯಾ?" ಎಂದು ಎರಡು ಸಲ ಕೇಳಿದಳು. ನಾನು ಎರಡು ಸಲವೂ ಹೌದೆಂದೆ, ಚೆನ್ನಾಗಿ ಮನಸ್ಸಿಗೆ ನಾಟಲಿ ಎಂದೇ ಒತ್ತಿ ಹೇಳಿದೆ. ಆ ಇಂಜೆಕ್ಷನ್ ಬರೆದ ಡಾಕ್ಟರಿಗೆ ಒಂದು ಫೋನ್ ಮಾಡಲಿಲ್ಲ. ಅವರ ನಂಬರು ಆಕೆಯ ಫೈಲಿನ ಮೇಲೆಯೇ ಅಚ್ಚಾಗಿತ್ತು.

ಜುಲೈ ಮೊದಲ ವಾರ ಹಲ್ಲು ಕಿತ್ತೆ. ನಾಜೂಕಾಗಿಯೇ ಕಿತ್ತೆ. ಮೂಳೆಯ ಚೂಪು ಅಂಚು ಸವರಿ, ಒಸಡನ್ನು ಎಳೆದು ಮೂರು ಹೊಲಿಗೆ ಹಾಕಿದೆ. ಆಗಸ್ಟಿನಲ್ಲಿ ನೋಡಿದರೆ ಗುಳಿಯ ಒಳಬದಿಗೆ ಅಕ್ಕಿಕಾಳಿನಷ್ಟು ಮೂಳೆ ಬಿಳಿಯಾಗಿ ಕಾಣುತ್ತಿತ್ತು. ವಾರ ವಾರ ಕರೆಸಿ ತೊಳೆದೆ. ಸೆಪ್ಟೆಂಬರಿನಲ್ಲಿ ಆ ಚೂರು ತಾನಾಗಿ ಕಳಚಿ ಬಿತ್ತು, ಒಸಡು ಮುಚ್ಚಿಕೊಂಡಿತು. ಕಾರ್ಡಿನಲ್ಲಿ "ಗಾಯ ಪೂರ್ತಿ ಮಾಗಿದೆ" ಎಂದು ಬರೆದು ಕೆಳಗೆ ಗೆರೆ ಎಳೆದೆ.

ಹೊರಡುವಾಗ ಬಾಗಿಲಲ್ಲಿ ನಿಂತು ಅವರು ಕೇಳಿದ್ದರು. "ಆ ಸೂಜಿ ಇನ್ನ ಮಾಡಿಸ್ಕೊಳ್ಲ್ಯಾ?"

ಕುರ್ಚಿಯಲ್ಲಿ ಮುಂದಿನವರು ಆಗಲೇ ಬಾಯಿ ತೆರೆದು ಕೂತಿದ್ದರು. "ಇನ್ನೂ ಸ್ವಲ್ಪ ದಿನ ಇರಲಿ ಬಿಡಿ ಅಮ್ಮ" ಎಂದೆ, ಅತ್ತ ತಿರುಗದೆ.

ಡಿಸೆಂಬರಿನಲ್ಲಿ ಸೊಸೆ ತನ್ನ ಹಲ್ಲು ಜುಮ್ಮೆನ್ನುತ್ತದೆ ಎಂದು ಬಂದಳು. ಅತ್ತೆ ಹೇಗಿದ್ದಾರೆ ಎಂದು ಮಾತಿಗೆ ಕೇಳಿದೆ.

"ಅತ್ತಿ ಮಲಗೇ ಅದಾರ, ಡಾಕ್ಟರ್. ತೀನ್ ಹಫ್ತೆ ಹೋ ಗಯೇ, ಮೂರ ವಾರ. ಹಿಟ್ಟಿಂದು ಡಬ್ಬಾ ಎತ್ತಿದ್ರು, ಪೀಠ್‌ದಾಗ, ಬೆನ್ನಾಗ, ಕಟ್ ಅಂತ ಆವಾಜ್ ಆಯ್ತಂತ. ಗಲ್ಲಿ ಡಾಕ್ಟರ್ ಬೆಲ್ಟ್ ಕೊಟ್ರು, ಗೋಲಿ ಕೊಟ್ರು. ಆಮ್ಯಾಲೆ ಕೆಮ್ಮಿದ್ರು ನೋಡ್ರಿ, ಔರ್ ಏಕ್ ಬಾರ್ ಹಂಗೇ. ಈಗ ಕರವಟ್ ಭೀ ನಹೀ ಲೇತೇ, ಮಗ್ಗಲಕ್ಕ ಹೊರಳಾಕೂ ಆಗವಲ್ದು."

"ಆ ಇಂಜೆಕ್ಷನ್ ಮತ್ತೆ ಶುರು ಮಾಡಿದ್ರಾ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ನೀವೇ ಬಂದ್ ಮಾಡ್ರಿ ಅಂದಿದ್ರಲ್ಲ."

ಕೊನೆಯ ಸೂಜಿಯಾಗಿ ಆಗ ಸರಿಯಾಗಿ ಒಂದು ವರ್ಷ.

ಆ ಸಂಜೆ ದಾದರ್‌ಗೆ ಹೋಗುವ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ, ಒಂದು ಕೈಯಲ್ಲಿ ಮೇಲಿನ ಹಿಡಿ, ಇನ್ನೊಂದರಲ್ಲಿ ಫೋನು ಹಿಡಿದು, ಮಾರ್ಚ್‌ನಲ್ಲೇ ಓದಬೇಕಾಗಿದ್ದನ್ನು ಓದಿದೆ. ನಮ್ಮ ಮೂಳೆ ಸದಾ ಒಂದು ಕಡೆ ಕರಗುತ್ತ ಇನ್ನೊಂದು ಕಡೆ ಕಟ್ಟಿಕೊಳ್ಳುತ್ತ ಇರುತ್ತದೆ. ಈ ಔಷಧಿ ಮೂಳೆಯನ್ನು ಕರಗಿಸುವ ಜೀವಕೋಶಗಳನ್ನು ತಡೆದು ನಿಲ್ಲಿಸುತ್ತದೆ. ಔಷಧಿ ತಪ್ಪಿದರೆ, ಅಷ್ಟು ಕಾಲ ತಡೆದಿದ್ದ ಕೋಶಗಳೆಲ್ಲ ಒಮ್ಮೆಲೇ ಕೆಲಸಕ್ಕೆ ನುಗ್ಗುತ್ತವೆ. ವರ್ಷಗಟ್ಟಲೆ ಕೂಡಿಸಿದ ಮೂಳೆ ಕೆಲವೇ ತಿಂಗಳಲ್ಲಿ ಹೋಗುತ್ತದೆ. ಕೆಲವರಲ್ಲಿ ಬೆನ್ನಿನ ಮಣಿಗಳು ಒಂದರ ಹಿಂದೆ ಒಂದು ಕುಸಿಯುತ್ತವೆ. ಬೀಳಬೇಕೆಂದೇ ಇಲ್ಲ, ಕೆಮ್ಮು ಸಾಕು. ಈ ಇಂಜೆಕ್ಷನ್ನಿನ ತಾರೀಖನ್ನು ಹಲ್ಲಿನ ಸಲುವಾಗಿ ಮುಂದೂಡಬಾರದು, ಮುಂದೂಡಲೇಬೇಕಾದರೆ ಕೆಲವು ವಾರ ಮಾತ್ರ, ಅದೂ ಬರೆದ ಡಾಕ್ಟರರನ್ನು ಕೇಳಿ ಎಂದು ಸ್ಪಷ್ಟವಾಗಿ ಬರೆದಿತ್ತು. ಬಾಂದ್ರಾದಲ್ಲಿ ಜನ ನುಗ್ಗಿ ನನ್ನನ್ನು ಬಾಗಿಲ ಪಕ್ಕಕ್ಕೆ ಒತ್ತಿದರು. ದಾದರ್‌ನಲ್ಲಿ ಇಳಿಯುವುದನ್ನು ಮರೆತು ಮುಂದಿನ ಸ್ಟೇಷನ್ನಿನಿಂದ ವಾಪಸು ಬಂದೆ.

ಮರುದಿನ ಬೆಳಿಗ್ಗೆ ಸಾಂತಾಕ್ರೂಜ್‌ನ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಮರಾಠಿಯವರು, ನನಗಿಂತ ಹಿರಿಯರು. ನನ್ನ ಹೆಸರು ಹೇಳಿ, ನಡೆದದ್ದನ್ನೆಲ್ಲ ಹೇಳಿದೆ.

"ನೀವು ಹೇಳಿ ನಿಲ್ಲಿಸಿದ್ದು?"

"ಹೌದು ಸರ್."

"ನನ್ನನ್ನೊಂದು ಮಾತು ಕೇಳಬಾರದಿತ್ತೇ?"

ಕೇಳಬೇಕಿತ್ತು ಎಂದೆ. ಅವರು ಉಸಿರು ಬಿಟ್ಟರು. "ಜೂನ್‌ನಲ್ಲಿ ಆಕೆ ಬರಲಿಲ್ಲ ಎಂದು ನಾನೂ ನೋಡಲಿಲ್ಲ. ತಪ್ಪಿಸಿದರೆ ಏನಾಗುತ್ತದೆ ಎಂದು ಆಕೆಗೆ ಹೇಳಿದ್ದೆನೋ ಇಲ್ಲವೋ, ಅದೂ ನೆನಪಿಲ್ಲ. ಇರಲಿ. ಇವತ್ತೇ ಕರೆದುಕೊಂಡು ಬನ್ನಿ. ಬಗ್ಗಿಸಬೇಡಿ, ತಿರುಚಬೇಡಿ."

ಆಕೆಯ ಮಗ ಕೆಲಸಕ್ಕೆ ರಜೆ ಹಾಕಿದ. ಕ್ಲಿನಿಕ್ಕಿನ ಬೆಳಗಿನ ಪೇಷಂಟುಗಳನ್ನು ಸಂಜೆಗೆ ದೂಡಿ ನಾನೂ ಹೋದೆ. ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಗಲ್ಲಿಯ ಕೊನೆವರೆಗೆ ಎತ್ತಿಕೊಂಡು ಹೋಗಿ ಕಾರಿನಲ್ಲಿ ಒರಗಿಸಿದೆವು. ಮೆಟ್ರೊಗೆ ಅಗೆದ ರಸ್ತೆ. ಪ್ರತಿ ಗುಂಡಿಗೂ ಅವರು ನನ್ನ ಮುಂಗೈ ಹಿಡಿದು ಹಿಂಡುತ್ತಿದ್ದರು.

ಎಕ್ಸ್‌ರೇ ಅದೇ ಕಟ್ಟಡದ ಕೆಳಗಡೆ ಆಯಿತು. ಪಕ್ಕದಿಂದ ತೆಗೆದ ಚಿತ್ರದಲ್ಲಿ ಬೆನ್ನಿನ ಮಣಿಗಳು ಇಟ್ಟಿಗೆಯಂತೆ ಚೌಕವಾಗಿ ಕಾಣಬೇಕು. ಎದೆಭಾಗ ಮುಗಿದು ಸೊಂಟ ಶುರುವಾಗುವಲ್ಲಿ ಮೂರು ಮಣಿಗಳು ಮುಂದುಗಡೆ ಕುಸಿದು ಬೆಣೆಯ ಆಕಾರ ತಾಳಿದ್ದವು. ಡಾಕ್ಟರು ಅವರನ್ನು ನಿಧಾನಕ್ಕೆ ನಿಲ್ಲಿಸಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ತಲೆಯ ಹಿಂಭಾಗವನ್ನೂ ಗೋಡೆಗೆ ಮುಟ್ಟಿಸಲು ಹೇಳಿದರು. ಮುಟ್ಟಲಿಲ್ಲ. ನಡುವೆ ನಾಲ್ಕು ಬೆರಳು ತೂರುವಷ್ಟು ಜಾಗ. ಹಳೆಯ ಫೈಲಿನಲ್ಲಿದ್ದ ಎತ್ತರಕ್ಕೂ ಈಗಿನದಕ್ಕೂ ಎರಡು ಬೆರಳು ವ್ಯತ್ಯಾಸ.

"ಮತ್ತೆ ಅದೇ ಇಂಜೆಕ್ಷನ್ ಬೇಗ ಶುರು ಮಾಡಬೇಕು. ತಡವಾದಷ್ಟೂ ಇನ್ನೊಂದು ಮಣಿ ಹೋಗುತ್ತದೆ" ಎಂದರು ನನಗೆ. ಆದರೆ ರಕ್ತದಲ್ಲಿ ವಿಟಮಿನ್ ಡಿ ತೀರ ಕಡಿಮೆ ಇತ್ತು. ಹಾಗೆಯೇ ಸೂಜಿ ಹಾಕಿದರೆ ಕ್ಯಾಲ್ಶಿಯಂ ಕುಸಿದು ಕೈಕಾಲು ಸೆಟೆದುಕೊಳ್ಳುವ ಅಪಾಯ. ಮೊದಲು ಎರಡು ವಾರ ಡಿ ಮತ್ತು ಕ್ಯಾಲ್ಶಿಯಂ, ಮತ್ತೆ ರಕ್ತ ಪರೀಕ್ಷೆ, ಆಮೇಲೆ ಸೂಜಿ. ಎರಡು ವಾರ ಅವರು ಕೆಮ್ಮದೆ, ಬಗ್ಗದೆ, ಏನನ್ನೂ ಎತ್ತದೆ ಇರಬೇಕು.

ಆ ಎರಡು ವಾರ ನಾನು ದಿನಾ ಸ್ಟೇಷನ್ನಿಗೆ ಹೋಗುವಾಗ ಚಾಳಿನ ಕಡೆ ಸುತ್ತಿ ಹೋದೆ. ಗಟ್ಟಿ ಗಾದಿ ಹಾಕಿಸಿದೆ. ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳುವುದನ್ನು ಸೊಸೆಗೆ ತೋರಿಸಿಕೊಟ್ಟೆ. ಎರಡನೆಯ ರಕ್ತ ಪರೀಕ್ಷೆ ಸರಿ ಬಂತು. ಇನ್ನೇನು ಮುಗಿಯಿತು, ಸೂಜಿ ಹಾಕಿಸೋಣ ಎಂದು ಹೇಳಹೋದರೆ ಮಗ, ಸೊಸೆ, ಅಮ್ಮ ಮೂವರೂ ಮುಖ ಮುಖ ನೋಡಿಕೊಂಡರು.

"ಆ ಸೂಜಿ ಬ್ಯಾಡ್ರಿ" ಎಂದರು ಅಮ್ಮ.

"ಯಾಕಮ್ಮ?"

"ದವಡಿ ಕೊಳೀತೈತಿ ಅಂತ ನೀವ ಹೇಳೀರಿ. ಹೋದ ಸಲ ಎಲುಬ ಬಿದ್ದದ್ದ ನನ್ನ ಕಣ್ಣಿಲೇ ನೋಡೀನಿ. ಬೆನ್ನ ಹೋಗಿದ್ದು ಹೋತು. ಬಾಯಿನೂ ಹೋದ್ರ ಉಣ್ಣೂದ ಹೆಂಗ?"

ಸೊಸೆ ಅವರ ಬಾಯಿಗೆ ಮೊಬೈಲಿನ ಬೆಳಕು ಹಿಡಿದು, "ಇದೂ ನೋಡ್ರಿ" ಎಂದಳು. ಎಡಗಡೆ ಕೆಳಗಿನ ಮೊದಲ ದವಡೆಹಲ್ಲು ಅರ್ಧ ಮುರಿದು, ಕೆನ್ನೆ ಊದಿತ್ತು. ನೋವಿನ ಮಾತ್ರೆಗಳ ಕೆಳಗೆ ಅದು ಇಷ್ಟು ದಿನ ಅಡಗಿತ್ತು. ಮೊದಲು ಇದನ್ನು ಕಿತ್ತು ಗಾಯ ಮಾಗಲಿ, ಆಮೇಲೆ ಸೂಜಿಯ ಮಾತು ಎಂಬುದು ಮನೆಯವರ ತೀರ್ಮಾನ. ನಾನು ಮಾರ್ಚ್‌ನಲ್ಲಿ ಹೇಳಿಕೊಟ್ಟದ್ದನ್ನೇ ಅವರು ನನಗೆ ವಾಪಸು ಹೇಳುತ್ತಿದ್ದರು. ಅದೇ ಅನುಕ್ರಮ, ಅದೇ ಭಯ. ಈಗ ಕಿತ್ತು ಗಾಯ ಮಾಗಲು ಕಾದರೆ ಮತ್ತೆ ಎರಡು ತಿಂಗಳು.

ನಾನು ಅಲ್ಲಿದ್ದ ಹಿಟ್ಟಿನ ಡಬ್ಬದ ಮೇಲೆ ಕೂತೆ. ಆ ಕ್ಷಣದವರೆಗೆ ಅವರಿಗೆ ನಾನು ಹೇಳಿದ್ದು "ಇಂಜೆಕ್ಷನ್ ತಪ್ಪಿದ್ದಕ್ಕೆ ಹೀಗಾಯಿತು" ಎಂದು ಮಾತ್ರ. ತಪ್ಪಿಸಿದವರು ಯಾರು ಎಂಬುದನ್ನು ವಾಕ್ಯದಿಂದ ಬಿಟ್ಟಿದ್ದೆ. ಇವರು ಒಳ್ಳೆಯ ಜನ, ನನ್ನನ್ನು ಅದಕ್ಕಾಗಿ ಹಿಡಿದು ನಿಲ್ಲಿಸಿರಲಿಲ್ಲ. ಡಾಕ್ಟರಬಾಯಿ ದಿನಾ ಬಂದು ನೋಡುತ್ತಾರೆ ಎಂದು ಅಕ್ಕಪಕ್ಕದವರಿಗೆ ಹೇಳಿಕೊಂಡೂ ಇದ್ದರು.

"ಅಮ್ಮ, ನಾನು ಮಾರ್ಚ್‌ನಲ್ಲಿ ಹೇಳಿದ್ದು ತಪ್ಪು" ಎಂದೆ. "ದವಡೆಗೆ ಆಗಬಹುದಾದ ಚಿಕ್ಕ ಅಪಾಯವನ್ನ ದೊಡ್ಡದು ಮಾಡಿ ಹೇಳಿದೆ. ಸೂಜಿ ಬಿಟ್ಟರೆ ಬೆನ್ನಿಗೆ ಏನಾಗತ್ತೆ ಅಂತ ನೋಡಲೇ ಇಲ್ಲ. ನಿಮ್ಮ ಡಾಕ್ಟರನ್ನೂ ಕೇಳಲಿಲ್ಲ. ನಿಮ್ಮ ಬೆನ್ನು ಮುರಿದದ್ದು ನನ್ನ ಮಾತಿನಿಂದ."

ಮಗ ಬಾಗಿಲ ಕಡೆ ನೋಡಿದ. ಸೊಸೆ ಮೊಬೈಲಿನ ಬೆಳಕು ಆರಿಸಿದಳು. ಅಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದರು.

"ನಾ ಕೇಳಿದ್ನಲ್ಲ, ಸೂಜಿ ಮಾಡಿಸ್ಕೊಳ್ಲ್ಯಾ ಅಂತ."

"ಕೇಳಿದ್ರಿ."

"ಇರಲಿ ಬಿಡ್ರಿ ಅಂದ್ರಿ ನೀವ."

"ಅಂದೆ."

ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದರು. ಅಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ಹಂಗಾದ್ರ ಈಗ ಹೇಳೂದ ಖರೇ ಅಂತ ಹೆಂಗ ನಂಬಲಿ?"

"ನನ್ನೊಬ್ಬಳನ್ನ ನಂಬಬೇಡಿ" ಎಂದು ಸಾಂತಾಕ್ರೂಜ್‌ನ ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟೆ. ಅಮ್ಮನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಅವರಿಬ್ಬರೂ ನೇರವಾಗಿ ಮಾತಾಡಿದರು. ಈ ಹಲ್ಲನ್ನು ಕೀಳಲೇಬೇಕೇ ಎಂದು ಡಾಕ್ಟರು ನನ್ನನ್ನು ಕೇಳಿದರು.

ಕೀಳಬೇಕು. ಕಾಲೇಜಿನ ಪರೀಕ್ಷೆಯಲ್ಲಿ ಇಂಥ ಹಲ್ಲಿಗೆ ಬೇರೆ ಏನಾದರೂ ಬರೆದರೆ ಅಂಕ ಸಿಗುವುದಿಲ್ಲ. ಮೇಲ್ಭಾಗ ಉಳಿಯುವ ಹಾಗಿರಲಿಲ್ಲ. ಆದರೆ ಬೇರು ಅಲ್ಲಾಡುತ್ತಿರಲಿಲ್ಲ. ಬೇರಿನ ಒಳಗಿನ ನಾಳಗಳನ್ನು ಶುಚಿ ಮಾಡಿ ತುಂಬಿ, ಮೇಲಿನ ಮುರುಕನ್ನು ಒಸಡಿನ ಮಟ್ಟಕ್ಕೆ ಕತ್ತರಿಸಿ, ಬೇರನ್ನು ಮೂಳೆಯೊಳಗೇ ಬಿಟ್ಟು ಮುಚ್ಚಬಹುದು. ಹಲ್ಲು ಜಗಿಯಲು ಬರುವುದಿಲ್ಲ, ಆದರೆ ಮೂಳೆಯಲ್ಲಿ ಗಾಯವೂ ಆಗುವುದಿಲ್ಲ. ಸೂಜಿಗೆ ಕಾಯಬೇಕಾಗಿಲ್ಲ.

"ಹಲ್ಲು ಕೀಳಲ್ಲ. ಬೇರು ಒಳಗೇ ಇರತ್ತೆ. ಸೂಜಿ ಮೊದಲು" ಎಂದೆ. ಆ ಮನೆಯಲ್ಲಿ ಕೂತು ನಾನು ತೆಗೆದುಕೊಂಡ ತೀರ್ಮಾನ ಅದೊಂದೇ. ಅಮ್ಮ ಒಂದು ಷರತ್ತು ಹಾಕಿದರು. ಇಬ್ಬರೂ ಡಾಕ್ಟರು ಒಂದೇ ಕಾಗದದ ಮೇಲೆ ಬರೆದು ಸಹಿ ಮಾಡಬೇಕು. ಮರುದಿನ ನಾನು ನನ್ನ ಲೆಟರ್‌ಹೆಡ್ಡಿನ ಮೇಲೆ, ಇಂಜೆಕ್ಷನ್ ನಿಲ್ಲಿಸಲು ಹೇಳಿದ್ದು ನಾನೇ ಎಂಬುದರಿಂದ ಶುರು ಮಾಡಿ, ಮುಂದಿನ ಕ್ರಮವನ್ನೆಲ್ಲ ಬರೆದು ಸಾಂತಾಕ್ರೂಜ್‌ಗೆ ಒಯ್ದೆ. ಅವರು ಮೊದಲ ಸಾಲನ್ನು ಓದಿ ನನ್ನ ಮುಖ ನೋಡಿದರು. "ಇದನ್ನು ಬರೆಯಲೇಬೇಕೇ?" ಎಂದರು. ಹೌದೆಂದೆ. ಅದರ ಕೆಳಗೆ, ಜೂನ್‌ನಲ್ಲಿ ರೋಗಿ ಬರದಿದ್ದುದನ್ನು ತಾವು ವಿಚಾರಿಸಲಿಲ್ಲ ಎಂದು ತಮ್ಮ ಕೈಯಲ್ಲಿ ಒಂದು ಸಾಲು ಸೇರಿಸಿ ಸಹಿ ಹಾಕಿದರು.

ಇಂಜೆಕ್ಷನ್ನಿಗೆ ಅವರನ್ನು ಮತ್ತೆ ಆ ರಸ್ತೆಯಲ್ಲಿ ತರುವುದು ಬೇಡ ಎಂದಾಯಿತು. ಡಾಕ್ಟರ ನರ್ಸ್ ಒಬ್ಬರು ನನ್ನ ಜೊತೆ ಬಂದರು. ಸೂಜಿ ತಂಪಿನಲ್ಲಿರಬೇಕು, ಆದರೆ ಹೆಪ್ಪುಗಟ್ಟಬಾರದು. ಚಿಕ್ಕ ಡಬ್ಬಿಯಲ್ಲಿ ಐಸ್ ಪ್ಯಾಕಿನ ಮೇಲೆ ಟವೆಲು ಹಾಸಿ ಇಟ್ಟುಕೊಂಡು ಮಧ್ಯಾಹ್ನದ ಸ್ಲೋ ಲೋಕಲ್ ಹತ್ತಿದೆವು. ಪಾರ್ಲೆ, ಅಂಧೇರಿ, ಜೋಗೇಶ್ವರಿ. ಎದುರು ಸೀಟಿನಾಕೆ ಡಬ್ಬಿಯನ್ನು ನೋಡಿ ಮೀನೇ ಎಂದು ಕೇಳಿದಳು. ಖೋಲಿಯಲ್ಲಿ ಅರ್ಧ ಗಂಟೆ ಹೊರಗಿಟ್ಟು, ತಂಪು ಹೋದ ಮೇಲೆ ನರ್ಸ್ ಹೊಟ್ಟೆಯ ಚರ್ಮವನ್ನು ಚಿವುಟಿ ಹಿಡಿದು ಚುಚ್ಚಿದರು. ಹತ್ತು ಸೆಕೆಂಡಿನ ಕೆಲಸ. ಇದನ್ನು ತಪ್ಪಿಸಿದ್ದಕ್ಕೆ ಒಂದು ಬೆನ್ನು ಹೋಗಿತ್ತು.

ಹಲ್ಲಿನ ಕೆಲಸ ಹಾಗೆ ಮುಗಿಯಲಿಲ್ಲ. ಡೆಂಟಲ್ ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರೆ ಅವರು ಕೂಗಿಕೊಳ್ಳುತ್ತಿದ್ದರು. ಆದ್ದರಿಂದ ನೆಟ್ಟಗೆ ಕೂರಿಸಿ, ಸೊಂಟದ ಹಿಂದೆ ಟವೆಲು ಸುತ್ತಿಟ್ಟು, ನಾನು ನಿಂತು ಮೊಣಕಾಲು ಬಗ್ಗಿಸಿ ಅವರ ಬಾಯಿಯೊಳಗೆ ಕೆಳಮುಖವಾಗಿ ನೋಡಬೇಕಿತ್ತು. ಕನ್ನಡಿಯಲ್ಲಿ ಎಲ್ಲವೂ ತಿರುಗಾಮುರುಗಾ. ನನ್ನ ಸಹಾಯಕಿ, ಕೊಂಕಣದ ಕಡೆಯ ಮಧ್ಯವಯಸ್ಸಿನ ಹೆಂಗಸು, ಒಂದು ಕೈಯಲ್ಲಿ ಉಗುಳು ಎಳೆಯುವ ನಳಿಗೆ, ಇನ್ನೊಂದು ಕೈಯಲ್ಲಿ ಅವರ ಹಣೆ ಹಿಡಿದು ನಿಲ್ಲುತ್ತಿದ್ದಳು. ಒಂದು ಸಲಕ್ಕೆ ಇಪ್ಪತ್ತು ನಿಮಿಷ ಮಾತ್ರ, ಅದಕ್ಕಿಂತ ಹೆಚ್ಚು ಬೆನ್ನು ತಡೆಯುತ್ತಿರಲಿಲ್ಲ. ಗಲ್ಲಿಯ ಗಣಪತಿ ಮಂಡಳದವರಿಂದ ಕೇಳಿ ತಂದ ಗಾಲಿಕುರ್ಚಿಯಲ್ಲಿ ಮಗ ಕರೆತರುತ್ತಿದ್ದ.

ಮೊದಲ ಸಲ ಕೀವು ಹೊರಬಿಟ್ಟೆ. ಎರಡನೆಯ ಸಲ ಎರಡು ನಾಳ ಸಿಕ್ಕಿದವು. ಮೂರನೆಯ ನಾಳ ಸುಣ್ಣಗಟ್ಟಿ ಬಾಗಿಹೋಗಿತ್ತು. ನಾಳ ಕೆರೆಯುವ, ಕೂದಲಿನಷ್ಟು ಸಪೂರ ಉಕ್ಕಿನ ಫೈಲು ಅರ್ಧಕ್ಕೆ ಹೋಗಿ ನಿಲ್ಲುತ್ತಿತ್ತು. ಒತ್ತಿದರೆ ಮುರಿದು ಒಳಗೇ ಉಳಿಯುತ್ತದೆ, ಹಾಗೆ ಉಳಿದರೆ ಕೀಳದೆ ಗತಿಯಿಲ್ಲ. ಮೂರನೆಯ, ನಾಲ್ಕನೆಯ ಸಲ ಏನೂ ಆಗಲಿಲ್ಲ. ಐದನೆಯ ಸಲ ಅವರಿಗೆ ಬೆನ್ನು ಹಿಡಿದುಕೊಂಡು ಐದು ನಿಮಿಷಕ್ಕೇ ನಿಲ್ಲಿಸಬೇಕಾಯಿತು. ಅವರನ್ನು ಕಳಿಸಿ ನಾನು ಕೈ ತೊಳೆಯುತ್ತ ನಿಂತಾಗ ಸಹಾಯಕಿ ಮರಾಠಿಯಲ್ಲಿ ಹೇಳಿದಳು. "ಡಾಕ್ಟರ್, ಕಿತ್ತುಬಿಡಿ. ಐದು ಸಲ ಆಯ್ತು."

ಕೀಳುವುದು ಹತ್ತು ನಿಮಿಷದ ಕೆಲಸ. ಸೂಜಿ ಬಿದ್ದ ಹೊಸತರಲ್ಲಿ ಕಿತ್ತರೂ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಬಹುಶಃ ಎಂಬ ಮಾತನ್ನು ಆ ಮನೆಗೆ ಇನ್ನೊಮ್ಮೆ ಒಯ್ಯುವ ಶಕ್ತಿ ನನಗಿರಲಿಲ್ಲ. ಏನಾದರೂ ಆಗಿ ಅವರು ಮತ್ತೆ ಸೂಜಿ ಬಿಟ್ಟರೆ ಈ ಸಲ ಯಾವ ಕಾಗದವೂ ಅವರನ್ನು ಒಪ್ಪಿಸಲಾರದು.

ಆರನೆಯ ಸಲ ಭಾನುವಾರ ಕರೆಸಿದೆ. ಹೊರಗೆ ಬೇರೆ ಪೇಷಂಟುಗಳಿಲ್ಲ. ನಾಳದಲ್ಲಿ ಸುಣ್ಣ ಮೆತ್ತಗಾಗುವ ದ್ರವ ಬಿಟ್ಟು ಕಾದೆ. ಫೈಲಿನ ತುದಿಯನ್ನು ಚೂರು ಬಗ್ಗಿಸಿ, ಗಡಿಯಾರಕ್ಕೆ ಕೀಲಿ ಕೊಡುವಂತೆ ಸ್ವಲ್ಪ ಆಚೆ ಸ್ವಲ್ಪ ಈಚೆ. ಹದಿನೈದನೆಯ ನಿಮಿಷಕ್ಕೆ ಅದು ಜಾರಿ ಒಳಗೆ ಹೋಯಿತು. ಉದ್ದ ಅಳೆಯುವ ಯಂತ್ರ ಬೀಪ್ ಅಂದಿತು. ನಾನು ಸಹಾಯಕಿಯ ಮುಖ ನೋಡಿದೆ. ಅವಳು ಹಣೆ ಹಿಡಿದ ಕೈಯನ್ನು ಬಿಡಲಿಲ್ಲ. ಎಂಟನೆಯ ಸಲಕ್ಕೆ ಮೂರೂ ನಾಳ ತುಂಬಿ, ಮೇಲಿನ ಮುರುಕು ಕತ್ತರಿಸಿ, ಸಿಮೆಂಟಿನಿಂದ ಮುಚ್ಚಿದೆ. ಅಷ್ಟೂ ದಿನ ನಿಂತದ್ದಕ್ಕೆ ನನ್ನ ಕತ್ತು ಎರಡು ತಿಂಗಳು ಒಂದು ಕಡೆ ತಿರುಗಲಿಲ್ಲ. ಅದನ್ನು ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಮಾರ್ಚ್ ಹೊತ್ತಿಗೆ ಬೆನ್ನಿನ ನೋವು ಕಡಿಮೆಯಾಗಿ ಅವರು ಗೋಡೆ ಹಿಡಿದು ಬಾಗಿಲವರೆಗೆ ನಡೆದರು. ಏಪ್ರಿಲ್‌ನಲ್ಲಿ ಗಲ್ಲಿಯ ಕೊನೆವರೆಗೆ. ಇನ್ನೊಂದು ಮಣಿ ಕುಸಿಯಲಿಲ್ಲ. ಕುಸಿದ ಮೂರು ಮೇಲೇಳಲೂ ಇಲ್ಲ. ಅವು ಹಾಗೆ ಏಳುವಂಥವಲ್ಲ. ನೆಲಕ್ಕೆ ಕೂತು ರೊಟ್ಟಿ ಬಡಿಯುವುದು ನಿಂತೇಹೋಯಿತು. ಅವರೂರಿನ ಕಡೆಯ ಹೆಂಗಸೊಬ್ಬಳು ಈಗ ಬಂದು ಬಡಿಯುತ್ತಾಳೆ. ಅಮ್ಮ ಹಿಂದೆ ಎತ್ತರದ ಕುರ್ಚಿಯಲ್ಲಿ ಕೂತು, ಶಬ್ದ ಕೇಳಿಯೇ ಹಿಟ್ಟು ಬಿಗಿ ಆಯಿತು, ನೀರು ಹೆಚ್ಚಾಯಿತು ಎಂದು ಹೇಳುತ್ತಾರೆ. ಸಂಜೆಯ ಸಾಲು ಮೊದಲಿಗಿಂತ ಚಿಕ್ಕದು. ರೊಟ್ಟಿ ಮೊದಲಿನ ಹಾಗಿಲ್ಲ ಎಂದು ಹುಡುಗರು ಮಾತಾಡುವುದು ನನ್ನ ಕಿವಿಗೂ ಬಿದ್ದಿದೆ.

ಜೂನ್ ಬಂತು. ಈ ಸಲ ಅವರೇ ಸಾಂತಾಕ್ರೂಜ್‌ಗೆ ಬರುತ್ತೇನೆಂದರು. ರಿಕ್ಷಾದಲ್ಲಿ ನಾನು ಒಂದು ಕಡೆ, ಸೊಸೆ ಒಂದು ಕಡೆ, ಅವರು ನಡುವೆ. ಸೊಸೆ ಗುಂಡಿ ಕಂಡಲ್ಲೆಲ್ಲ "ಭೈಯಾ, ಧೀರೇ" ಎನ್ನುತ್ತಿದ್ದಳು. ಚುಚ್ಚುವುದು ಮುಗಿಯಿತು. ಅಮ್ಮ ಸೆರಗು ಸರಿ ಮಾಡಿಕೊಂಡು ಡಾಕ್ಟರನ್ನು ಮರಾಠಿಯಲ್ಲಿ ಕೇಳಿದರು. ಇದು ಇನ್ನೆಷ್ಟು ದಿನ?

ಡಾಕ್ಟರು ಪೆನ್ನು ಕೆಳಗಿಟ್ಟು ನಿಧಾನಕ್ಕೆ ಹೇಳಿದರು. ಇಷ್ಟೇ ವರ್ಷ ಎಂದು ಈಗ ಹೇಳಲಾಗದು. ಆದರೆ ಎಂದಾದರೂ ನಿಲ್ಲಿಸುವುದಾದರೆ ಸುಮ್ಮನೆ ನಿಲ್ಲಿಸುವಂತಿಲ್ಲ, ಅದರ ಜಾಗಕ್ಕೆ ಬೇರೊಂದು ಔಷಧಿ ಕೊಟ್ಟೇ ನಿಲ್ಲಿಸಬೇಕು. ಹಲ್ಲು ನೋಯಲಿ, ಜ್ವರ ಬರಲಿ, ಊರಿಗೆ ಹೋಗಲಿ, ತಾರೀಖು ತಪ್ಪುವಂತಿಲ್ಲ.

ಅಮ್ಮ ತಲೆಯಾಡಿಸಿದರು. ಆಮೇಲೆ, ಬೆನ್ನು ತಿರುಚಬಾರದೆಂದು ಕಲಿಸಿದ್ದ ಹಾಗೆಯೇ, ಕೂತಲ್ಲಿಂದ ಇಡೀ ಮೈಯನ್ನು ಒಟ್ಟಿಗೆ ನನ್ನ ಕಡೆ ತಿರುಗಿಸಿದರು.

"ಕೇಳಿಸ್ತೇನ್ರಿ, ಡಾಕ್ಟರಬಾಯಿ?"

ಕೇಳಿಸಿತು ಎಂದೆ. ಅವರು ಏಳಲು ಕೈ ಚಾಚಿದರು. ನಾನು ಹಿಡಿದುಕೊಂಡೆ.